ಹೆಮಿಸ್‌ನಲ್ಲಿ ಫೆಬ್ರುವರಿ: ಹಿಮಚಿರತೆ ಎಲ್ಲಿ ಹುಡುಕೋದು, ಯಾವ ಗಿಡ ಕಾಣುತ್ತೆ?

ಪ್ರಶ್ನೆ
ಫೆಬ್ರುವರಿಯಲ್ಲಿ ಬೆಂಗಳೂರಿನಿಂದ ಲಡಾಖಿನ ಹೆಮಿಸ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟಿದ್ದೇವೆ, ಅಲ್ಲಿನ ರುಂಬಾಕ್ ಹಳ್ಳಿಯಲ್ಲಿ ಹೋಂಸ್ಟೇ. 8×42 ಬೈನಾಕ್ಯುಲರ್ ಇದೆ. ಅಷ್ಟು ದೊಡ್ಡ ಬೋಳುಬೆಟ್ಟದಲ್ಲಿ ಹಿಮಚಿರತೆಯನ್ನು ಎಲ್ಲಿಂದ ಹುಡುಕೋದು? ಆ ಚಳಿಯಲ್ಲಿ ಗಿಡಗಂಟಿ ಗುರುತು ಸಿಗುತ್ತಾ?

ಉತ್ತರ 1
ಮೊದಲು ಹಿಮಚಿರತೆಯ ಮುಖ್ಯ ಬೇಟೆಯಾದ ಭರಲ್ ಎಂಬ ಕಾಡುಕುರಿಗಳನ್ನು ಹುಡುಕಿ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಲ್ಲಿ ಹಿಮ ಬೇಗ ಕರಗಿ ಒಣಹುಲ್ಲು ತೆರೆದುಕೊಳ್ಳುತ್ತೆ, ಹಿಂಡು ಅಲ್ಲೇ ಮೇಯುತ್ತೆ. ಎಲ್ಲವೂ ಮೇವು ಬಿಟ್ಟು ಒಂದೇ ಕಡೆ ದಿಟ್ಟಿಸುತ್ತಿದ್ದರೆ ನೀವೂ ಅತ್ತಲೇ ನೋಡಿ. ತೋಳ ಇರಬಹುದು, ಚಿರತೆಯೂ ಇರಬಹುದು. ಬೆಳಗಾದ ಮೊದಲೆರಡು ಗಂಟೆ, ಸಂಜೆಯ ಕೊನೆಯ ಎರಡು ಗಂಟೆ ಬಿಡಬೇಡಿ. ಮೊದಲು ಬೆಟ್ಟದ ಏಣಿನ ಗೆರೆ ನೋಡಿ, ಆಮೇಲೆ ಬಂಡೆಯ ಬುಡ, ಚಾಚುಬಂಡೆಯ ನೆರಳು. ಮಲಗಿದ ಚಿರತೆ ಕಲ್ಲಿನೊಳಗೆ ಕಲ್ಲಾಗಿರುತ್ತೆ, ಬಾಲ ಅಲ್ಲಾಡಿದರೇ ಗೊತ್ತಾಗೋದು. ಹಾಗಾಗಿ ನೋಡಿದ ಇಳಿಜಾರನ್ನೇ ಮತ್ತೆ ನೋಡಬೇಕು.

ಜನವರಿಯಿಂದ ಮಾರ್ಚ್‌ವರೆಗೆ ಹಿಮಚಿರತೆಯ ಬೆದೆಗಾಲ, ತಾನಿದ್ದೇನೆಂದು ನೆಲದಲ್ಲಿ ಗುರುತು ಹಾಕುವುದೂ ಜಾಸ್ತಿ. ಹಿಂಗಾಲಲ್ಲಿ ಕೆರೆದ ಜಲ್ಲಿಯ ಗುಂಡಿ ಏಣಿನ ಮೇಲೆ, ಬಂಡೆಯ ಬುಡದಲ್ಲಿ ಸಿಗುತ್ತೆ. ಹೆಜ್ಜೆಯಲ್ಲಿ ಉಗುರು ಮೂಡಿದ್ದರೆ ಅದು ನಾಯಿ ಅಥವಾ ತೋಳ.

8×42 ಒಂದೇ ಸಾಲದು. 20–60× ಸ್ಪಾಟಿಂಗ್ ಸ್ಕೋಪ್ (20ರಿಂದ 60 ಪಟ್ಟು ಹಿಗ್ಗಿಸಿ ತೋರಿಸುವ ದೂರದರ್ಶಕ) ಇರುವ ಗೈಡ್ ಹಿಡಿಯಿರಿ. 20ರಲ್ಲೇ ಜಾಲಾಡಿ, ಮಧ್ಯಾಹ್ನ 60ಕ್ಕೆ ಏರಿಸಿದರೆ ಬಿಸಿಲಝಳಕ್ಕೆ ಚಿತ್ರ ಕದಡುತ್ತೆ.

ಉತ್ತರ 2
ಗಿಡಗಳ ಬಗ್ಗೆ: ಎಲೆ ಇರಲ್ಲ, ಕಾಂಡ ನೋಡಿ ಗುರುತಿಸಬೇಕು. ಲೇಹ್ ಸುತ್ತ ವರ್ಷಕ್ಕೆ ಸುಮಾರು 100 ಮಿ.ಮೀ. ಮಳೆ-ಹಿಮ ಅಷ್ಟೇ, ಹಾಗಾಗಿ ಹಸಿರೆಲ್ಲ ನೀರಿನ ದಾರಿ ಹಿಡಿದಿರುತ್ತೆ. ಗೆಣ್ಣುಗೆಣ್ಣಾದ, ಎಲೆಯೇ ಇಲ್ಲದಂತೆ ಕಾಣುವ ಹಸಿರು ಕಡ್ಡಿಗಳ ಕುಳ್ಳುಪೊದೆ ಎಫೆಡ್ರಾ. ಮುಳ್ಳುಮುಳ್ಳಾಗಿ ಹಬ್ಬಿದ್ದು ಕ್ಯಾರಗಾನಾ. ಉಜ್ಜಿದರೆ ಘಾಟು ಬರುವ ಬೂದುಗಿಡ ಆರ್ಟಿಮೀಸಿಯಾ.

ಸಿಂಧೂ ದಡದ ಸೀಬಕ್‌ಥಾರ್ನ್ ಎಂಬ ಮುಳ್ಳುಪೊದೆ ನೋಡುವುದನ್ನು ತಪ್ಪಿಸಬೇಡಿ. ಗಂಡು ಹೆಣ್ಣು ಬೇರೆ ಬೇರೆ ಗಿಡ. ಹೆಣ್ಣಿನಲ್ಲಿ ಮಾತ್ರ ಕಿತ್ತಳೆ ಹಣ್ಣು, ಚಳಿಗಾಲದಲ್ಲೂ ಕೊಂಬೆಗೇ ಅಂಟಿರುತ್ತೆ. ಆ ಹಣ್ಣಿಗೆ ಗುಲ್ಡೆನ್‌ಸ್ಟಾಟ್ ರೆಡ್‌ಸ್ಟಾರ್ಟ್ ಹಕ್ಕಿ ಬರುತ್ತೆ: ಗಂಡಿಗೆ ಬಿಳಿ ನೆತ್ತಿ, ಕಪ್ಪು ಬೆನ್ನು, ಕೆಂಪು ಹೊಟ್ಟೆ. ಲೇಹ್‌ನಲ್ಲಿ ಎತ್ತರಕ್ಕೆ ಮೈ ಒಗ್ಗಿಸಿಕೊಂಡು ಸುಧಾರಿಸಿಕೊಳ್ಳುವ ದಿನಗಳಲ್ಲಿ ಹತ್ತಿರದ ಶೇ ಎಂಬ ಹಳ್ಳಿಯ ಕಡೆ ಹೋಗಿ ನೋಡಿ.

ಉತ್ತರ 3
ಸುಧಾರಿಸಿಕೊಳ್ಳುವುದನ್ನು ಹಗುರವಾಗಿ ತಗೋಬೇಡಿ. ಬೆಂಗಳೂರು 900 ಮೀಟರ್, ಲೇಹ್ 3,500. ಕನಿಷ್ಠ 48 ಗಂಟೆ ಅಲ್ಲೇ ಇರಿ, ಮೊದಲ ದಿನ ಪೂರ್ತಿ ವಿಶ್ರಾಂತಿ. ಎತ್ತರದ ಕಾಯಿಲೆ ತಡೆಯುವ ಅಸೆಟಜೋಲಮೈಡ್ ಮಾತ್ರೆ ಬೇಕೇ ಅಂತ ಡಾಕ್ಟರನ್ನು ಕೇಳಿ, ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ. ಬ್ಯಾಟರಿ ಒಳಜೇಬಲ್ಲಿರಲಿ. ಬುಖಾರಿ (ಕೋಣೆ ಬೆಚ್ಚಗಿಡುವ ಒಲೆ) ಉರಿಯುವ ಕೋಣೆಗೆ ಬರುವ ಮೊದಲು, ಹೊರಗೇ ಕ್ಯಾಮೆರಾವನ್ನು ಬ್ಯಾಗಲ್ಲಿಟ್ಟು ಜಿಪ್ ಹಾಕಿ. ಇಲ್ಲದಿದ್ದರೆ ಲೆನ್ಸ್ ಒಳಗೇ ಹನಿ ಕಟ್ಟುತ್ತೆ.

ಪ್ರಶ್ನೆ ಕೇಳಿದವರು
ತುಂಬಾ ಉಪಯೋಗವಾಯ್ತು. ಹಿಮಚಿರತೆ ತನ್ನ ಬೇಟೆಯ ಪಕ್ಕ ಕೂತಿದ್ದರೆ ಎಷ್ಟು ಹತ್ತಿರ ಹೋಗಬಹುದು?

ಉತ್ತರ 1
ಹೋಗಲೇಬೇಡಿ, ಕಣಿವೆಯ ಆಚೆ ಬದಿಯಿಂದಲೇ ನೋಡಿ. ಒಂದು ಭರಲ್ ಹೊಡೆದರೆ ಅದನ್ನು ಹಲವು ದಿನ ತಿನ್ನುತ್ತೆ. ನಿಮ್ಮಿಂದ ಬೆದರಿ ಎದ್ದುಹೋದರೆ ಬೀಡಾಡಿ ನಾಯಿಗಳು ಅಷ್ಟನ್ನೂ ಮುಗಿಸುತ್ತವೆ, ಅದು ಮತ್ತೊಂದು ಬೇಟೆ ಆಡಬೇಕು. ದೂರದಲ್ಲಿ ಸುಮ್ಮನೆ ಕೂತರೆ ಮರುದಿನವೂ ಅಲ್ಲೇ ಸಿಗುವ ಸಾಧ್ಯತೆ ಹೆಚ್ಚು.