70 ಪೌಂಡ್ ಬಿಲ್ಲು: ಎಳೆಯುವಾಗಲೇ ರಿಲೀಸ್ ಬಿಟ್ಟುಹೋಗುತ್ತಿದೆ, ಯಾವುದು ತಗೊಳ್ಳಲಿ?

ಪಿಟ್ಸ್‌ಬರ್ಗ್_ಬಿಲ್ಲು:
ಎಲ್ಲರಿಗೂ ನಮಸ್ಕಾರ. ಇಲ್ಲಿ ಪೆನ್ಸಿಲ್ವೇನಿಯಾದಲ್ಲಿ ಈ ಸಲದ ಜಿಂಕೆ ಸೀಸನ್‌ಗೆ ತಯಾರಾಗುತ್ತಿದ್ದೇನೆ. ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ಕ್ಯಾಮ್ ಅನ್ನೋ ಗಾಲಿ ಇರುವಂಥದ್ದು), ಎಳೆಯುವ ಭಾರ 70 ಪೌಂಡ್, 80% ಲೆಟ್-ಆಫ್ (ಪೂರ್ತಿ ಎಳೆದ ಮೇಲೆ ಅಷ್ಟು ಭಾರ ಕಡಿಮೆಯಾಗುತ್ತದೆ). ರಿಲೀಸ್ (ಹೆದೆ ಹಿಡಿದು ಎಳೆದು ಬಿಡುವ ಸಾಧನ) ಬಿಲ್ಲಿನ ಜೊತೆಗೇ ಬಂದದ್ದು: ಮಣಿಕಟ್ಟಿಗೆ ವೆಲ್ಕ್ರೋ ಪಟ್ಟಿ, ತೋರುಬೆರಳಿಗೆ ಟ್ರಿಗರ್. ಮೊನ್ನೆ ಅರ್ಧ ಎಳೆಯುವಷ್ಟರಲ್ಲಿ ಬಾಣ ಹೊರಟೇಹೋಯಿತು. ನನ್ನ ಮುಷ್ಟಿ ನನ್ನ ತುಟಿಗೇ ಬಿತ್ತು. ಇನ್ನೊಂದು ತೊಂದರೆ: 20 ಗಜದಲ್ಲಿ ಮೊದಲ ಬಾಣಗಳು ಒಟ್ಟಿಗೆ ಬೀಳುತ್ತವೆ, ಆಮೇಲೆ ಚೆದುರುತ್ತವೆ. ರೇಂಜ್‌ನಲ್ಲಿ ಒಬ್ಬರು ಹಿಂಜ್ ರಿಲೀಸ್ ತಗೋ ಅಂದರು, ಇನ್ನೊಬ್ಬರು ಹೆಬ್ಬೆರಳಿನಿಂದ ಒತ್ತುವ ಥಂಬ್ ಬಟನ್ ರಿಲೀಸ್ ಅಂದರು. ಯಾವುದು ಸರಿ?

ಮರದ_ಮಂಚ:
ಹಲ್ಲು ಉಳಿದವಲ್ಲ, ಪುಣ್ಯ. ಅಂಗಡಿಗೆ ಹೋಗೋ ಮುಂಚೆ ಇರೋದನ್ನೇ ನೋಡಿ. ಎಳೆಯುವಾಗ ತೋರುಬೆರಳು ಎಲ್ಲಿರುತ್ತದೆ? ಟ್ರಿಗರ್ ಮುಂದೆ ಇದ್ದರೆ ಬಿಡೋದು ಗ್ಯಾರಂಟಿ. ಅದು ಟ್ರಿಗರ್ ಹಿಂದೆ ಇರಬೇಕು, ಆಂಕರ್‌ಗೆ (ಎಳೆದ ಕೈ ಪ್ರತಿ ಸಲ ಮುಖದ ಹತ್ತಿರ ಬಂದು ನಿಲ್ಲುವ ಜಾಗ) ಬಂದು ಗುರಿ ಕೂತ ಮೇಲಷ್ಟೇ ಮುಂದಕ್ಕೆ ಬರಬೇಕು.

ಆಮೇಲೆ ಡಿ-ಲೂಪ್, ಅಂದರೆ ರಿಲೀಸ್ ಸಿಕ್ಕಿಸೋಕೆ ಹೆದೆಗೆ ಕಟ್ಟಿದ ದಾರದ ಕುಣಿಕೆ. ಗಂಟಿನ ಹತ್ತಿರ ಎಳೆ ಎದ್ದಿದೆಯಾ? ರಿಲೀಸ್‌ನ ದವಡೆಗಳ ನಡುವೆ ಒಂದು ಎಳೆ ಸಿಕ್ಕಿಕೊಂಡರೂ ಅವು ಪೂರ್ತಿ ಮುಚ್ಚುವುದಿಲ್ಲ. ನೋಡೋಕೆ ಮುಚ್ಚಿದ ಹಾಗೇ ಕಾಣುತ್ತೆ, ಭಾರ ಬಿದ್ದಾಗ ಜಾರುತ್ತೆ.

ಬಾಣ ಚೆದುರುವುದಕ್ಕೆ ನನ್ನ ಅನುಮಾನ ವೆಲ್ಕ್ರೋ ಮೇಲೆ. ಲೆಟ್-ಆಫ್ ಸಿಗೋದು ಕ್ಯಾಮ್ ತಿರುಗಿದ ಮೇಲೆ. ಕೊನೆಗೆ ಹಿಡಿದು ನಿಲ್ಲೋದು 14 ಪೌಂಡ್ ಅಷ್ಟೇ, ಆದರೆ ದಾರಿಯಲ್ಲಿ ಪೂರ್ತಿ 70 ಆ ಪಟ್ಟಿಯ ಮೇಲೇ ಬೀಳುತ್ತದೆ. ಬೆವರಿದ ಕೈಯಲ್ಲಿ ಪಟ್ಟಿ ಒಂದೊಂದೇ ಕೂದಲೆಳೆ ಮುಂದಕ್ಕೆ ಸರಿಯುತ್ತದೆ. ಟ್ರಿಗರ್ ದೂರವಾಗುತ್ತದೆ, ಆಂಕರ್ ಬದಲಾಗುತ್ತದೆ. ಪೆನ್ನಿನಲ್ಲಿ ಚರ್ಮದ ಮೇಲೆ ಪಟ್ಟಿಯ ಅಂಚಿಗೆ ಗೆರೆ ಹಾಕಿ, ಬಾಣ ಚೆದುರೋಕೆ ಶುರುವಾದಾಗ ನೋಡಿ.

ಕಂಠೀರವ_ಕಾಂಪೌಂಡ್:
ಬೆಂಗಳೂರಿನಿಂದ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಬೇಟೆಯ ಮಾತೇ ಇಲ್ಲ, ನನ್ನದೆಲ್ಲ ಟಾರ್ಗೆಟ್. ಆದರೆ ಹಿಂಜ್ ಬಗ್ಗೆ ಹೇಳಬಲ್ಲೆ. ಅದಕ್ಕೆ ಟ್ರಿಗರ್ ಇಲ್ಲ, ಕೈಯಲ್ಲಿ ತಿರುಗಿದರೆ ಬಿಡುತ್ತದೆ. ಟ್ರಿಗರ್ ಮೇಲೆ ಗುದ್ದುವ ಚಟ ಬಿಡಿಸೋಕೆ ಅದು ಒಳ್ಳೆಯದು ಅಂತ ರೇಂಜ್‌ನವರು ಹೇಳಿರಬೇಕು, ಸರಿ. ಆದರೆ ವಿಶ್ವ ಸ್ಪರ್ಧೆಗಳಲ್ಲಿ ಕಾಂಪೌಂಡ್‌ಗೆ 60 ಪೌಂಡ್ ಮಿತಿ. 70 ಪೌಂಡ್ ಎಳೆಯಲು ಒದ್ದಾಡುವ ಕೈ ತಾನಾಗಿಯೇ ತಿರುಗುತ್ತದೆ. ಸೇಫ್ಟಿ ಇಲ್ಲದ ಹಿಂಜ್ ಆದರೆ ಮತ್ತೆ ತುಟಿಗೇ ಏಟು.

ಪಿಟ್ಸ್‌ಬರ್ಗ್_ಬಿಲ್ಲು:
ಗೆರೆ ಹಾಕಿ ನೋಡಿದೆ. ಪಟ್ಟಿ ಅರ್ಧ ಬೆರಳಗಲ ಸರಿದಿತ್ತು! ಡಿ-ಲೂಪ್ ಕೂಡ ಎಳೆ ಬಿಟ್ಟಿದೆ, ಬದಲಾಯಿಸುತ್ತೇನೆ. ಹಾಗಾದರೆ ಥಂಬ್ ಬಟನ್ ಓಕೆನಾ? ನವೆಂಬರ್‌ನಲ್ಲಿ ಗ್ಲೌಸ್ ಬೇಕೇ ಬೇಕು.

ಮರದ_ಮಂಚ:
ಗ್ಲೌಸ್ ಅಂದಿರಲ್ಲ, ಅಲ್ಲಿಗೆ ನನ್ನ ವೋಟು ಬಕಲ್ ಪಟ್ಟಿಯ ತೋರುಬೆರಳಿನ ರಿಲೀಸ್‌ಗೆ. ಭಾರ ಮಣಿಕಟ್ಟು ಹೊರುತ್ತದೆ, ಬೆರಳು ಸಡಿಲವಾಗಿರುತ್ತದೆ. ಬಕಲ್ ದಿನಾ ಅದೇ ತೂತಿಗೆ ಬೀಳುತ್ತದೆ. ಜಿಂಕೆಗಾಗಿ ಕಾಯುತ್ತ ಮರದ ಮೇಲೆ ಕೂತಾಗ ವೆಲ್ಕ್ರೋ ಬಿಚ್ಚುವ ಪರ್ ಶಬ್ದವೂ ಇಲ್ಲ. ದವಡೆಯ ಬದಲು ತೆರೆದ ಕೊಕ್ಕೆ ಇರೋದನ್ನು ನೋಡಿ, ಸ್ಪಾಟ್ ಹಾಗ್ ವೈಸ್‌ಗೈ ಆ ಥರದ್ದು. ಕತ್ತಲಲ್ಲಿ ಲೂಪ್‌ಗೆ ಹಾಕೋದು ಸುಲಭ. ಹಿಂದಕ್ಕೆ ಮಡಚುವಂತಿದ್ದರೆ ಏಣಿ ಹತ್ತುವಾಗ ಟಣ್ ಅನ್ನೋಲ್ಲ.

ಥಂಬ್ ಬಟನ್ ಕೆಟ್ಟದ್ದಲ್ಲ. ಹೆಬ್ಬೆರಳನ್ನು ಬಟನ್‌ನಿಂದ ದೂರ ಇಟ್ಟು ಎಳೆದರೆ ಸಾಕು. ಆದರೆ ಆ 70 ಪೌಂಡನ್ನು ಬೆರಳುಗಳೇ ಹೊರಬೇಕು. ತಗೊಂಡರೆ ನಾಲ್ಕು ಬೆರಳು ಹಿಡಿಯುವಂಥದ್ದೇ ಇರಲಿ, ಜೊತೆಗೊಂದು ದಾರ ಕಟ್ಟಿ. ರಿಲೀಸ್ ಮರದಿಂದ ಕೆಳಗೆ ಬಿದ್ದರೆ ಆ ದಿನದ ಬೇಟೆ ಮುಗಿಯಿತು.

ಇನ್ನೊಂದು, ಬೇಜಾರಾಗಬೇಡಿ. ಕುರ್ಚಿಯಲ್ಲಿ ಕೂತು, ಎರಡೂ ಕಾಲು ನೆಲದಿಂದ ಎತ್ತಿ, ಬಾಣ ಹೂಡಿ, ಬಿಲ್ಲನ್ನು ಆಕಾಶಕ್ಕೆ ತಿರುಗಿಸದೆ ನಿಧಾನಕ್ಕೆ ಎಳೆಯಿರಿ. ಆಗಲಿಲ್ಲ ಅಂದರೆ ಯಾವ ರಿಲೀಸ್ ತಂದರೂ ಅಷ್ಟೇ. ಎರಡೂ ಲಿಂಬ್ ಬೋಲ್ಟ್ (ಬಿಲ್ಲಿನ ತೋಳುಗಳನ್ನು ಬಿಗಿಯುವ ತಿರುಪು) ಸಮವಾಗಿ ಸಡಿಲಿಸಿ 60ರ ಹತ್ತಿರಕ್ಕೆ ತನ್ನಿ, ಬಿಲ್ಲಿನ ಪುಸ್ತಕದಲ್ಲಿ ಹೇಳಿದ ಮಿತಿ ಮೀರಬೇಡಿ. ನಿಮ್ಮ ರಾಜ್ಯದಲ್ಲಿ ಜಿಂಕೆಗೆ ಕನಿಷ್ಠ 35 ಪೌಂಡ್ ಸಾಕು. ಜಿಂಕೆ ಬಂದು ನಿಂತಾಗ ಮೈ ಅಲುಗದೆ ಎಳೆಯುವುದೇ ಮುಖ್ಯ, ಅಲ್ವಾ?

ಕಂಠೀರವ_ಕಾಂಪೌಂಡ್:
ಹೊಸದು ಬಂದ ತಕ್ಷಣ ಬಿಲ್ಲಿಗೆ ಹಾಕಬೇಡಿ. ಡಿ-ಲೂಪ್ ದಾರವನ್ನೇ ನಿಮ್ಮ ಡ್ರಾ ಲೆಂಗ್ತ್‌ಗೆ (ನೀವು ಹೆದೆ ಎಳೆಯುವ ಅಳತೆ) ಸರಿಯಾಗುವ ಉದ್ದದ ಕುಣಿಕೆ ಮಾಡಿ. ಒಂದು ತುದಿ ಎಡಗೈಗೆ, ಇನ್ನೊಂದು ರಿಲೀಸ್‌ಗೆ. ಬೆನ್ನಿನಿಂದ ಎಳೆದು ಬಿಡುವುದನ್ನು ಮನೆಯಲ್ಲೇ ಕೂತು ಮಾಡಿ. ಬಿಲ್ಲಿಗೆ ಹಾಕಿದ ಮೇಲೂ ಮೊದಲು ಬಾಣ ಇಟ್ಟುಕೊಂಡು ಟಾರ್ಗೆಟ್‌ನ ತೀರಾ ಹತ್ತಿರದಿಂದಲೇ ಹೊಡೆಯಿರಿ. ಖಾಲಿ ಬಿಲ್ಲು ಬಿಟ್ಟರೆ ಲಿಂಬ್, ಕ್ಯಾಮ್ ಎಲ್ಲಾ ಹೋಗುತ್ತೆ.

ಪಿಟ್ಸ್‌ಬರ್ಗ್_ಬಿಲ್ಲು:
ಬಕಲ್‌ದೇ ಆರ್ಡರ್ ಮಾಡಿದೆ. ಸೈಟ್ (ಗುರಿ ನೋಡುವ ಸಾಧನ) ಮತ್ತೆ ಸೆಟ್ ಮಾಡಬೇಕಾ?

ಮರದ_ಮಂಚ:
ಹೌದು. ಆದರೆ ಮೊದಲು ಪೀಪ್, ಅಂದರೆ ಹೆದೆಯಲ್ಲಿರೋ ಇಣುಕು ತೂತು. ಕಣ್ಣು ಮುಚ್ಚಿ ಎಳೆದು ಆಂಕರ್‌ಗೆ ಬನ್ನಿ, ಆಮೇಲೆ ಕಣ್ಣು ತೆರೆಯಿರಿ. ಪೀಪ್‌ಗಾಗಿ ತಲೆ ಬಗ್ಗಿಸಬೇಕಾದರೆ ಅದನ್ನು ಸರಿಸಿ. ಸೈಟ್ ಪಿನ್ ಮುಟ್ಟೋದು ಅದಾದ ಮೇಲೆ, 20 ಗಜದಿಂದ ಶುರು ಮಾಡಿ.