ಕಮಡೋರ್ 64ಕ್ಕೆ ಹೊಸ ಪವರ್ ಸಪ್ಲೈ: ಜೋಡಿಸುವ ಮುನ್ನ ಪರೀಕ್ಷೆ ಹೇಗೆ?

ಪ್ರಶ್ನೆ: ಹಳೆಯ ಹೋಮ್ ಕಂಪ್ಯೂಟರ್ ಕಮಡೋರ್ 64ಕ್ಕಾಗಿ 5 ವೋಲ್ಟ್ ಡಿಸಿ ಮಾಡ್ಯೂಲ್ ಬಳಸಿ ಹೊಸ ಪವರ್ ಸಪ್ಲೈ ಕಟ್ಟುತ್ತಿದ್ದೇನೆ. ಅದಕ್ಕೆ ಬೇಕಾದ 9 ವೋಲ್ಟ್ ಎಸಿಯ ಬದಲು ಡಿಸಿಯನ್ನೇ ಕೊಡಬಹುದೇ? ಜೋಡಿಸುವ ಮೊದಲು ಏನನ್ನು ಪರೀಕ್ಷಿಸಬೇಕು?

ಉತ್ತರ 1: ಡಿಸಿ ಖಂಡಿತ ಸಲ್ಲದು. ಸಿಐಎ (ಇನ್‌ಪುಟ್-ಔಟ್‌ಪುಟ್ ನೋಡಿಕೊಳ್ಳುವ) ಚಿಪ್‌ಗಳ ಗಡಿಯಾರಕ್ಕೆ ಬೇಕಾದ ಮಿಡಿತವು ಆ ಎಸಿಯಿಂದಲೇ ಸಿಗುತ್ತದೆ. ಹಳೆಯ ಬೋರ್ಡುಗಳಲ್ಲಿ ಸಿಡ್ ಧ್ವನಿ ಚಿಪ್‌ನ 12 ವೋಲ್ಟ್ ಕೂಡ ಅದರಿಂದಲೇ ಬರುತ್ತದೆ. ಟ್ರಾನ್ಸ್‌ಫಾರ್ಮರನ್ನೇ ಬಳಸಿ, ಫ್ಯೂಸ್ ಮರೆಯಬೇಡಿ.

ಉತ್ತರ 2: ಲೋಡ್ (ಕರೆಂಟ್ ಎಳೆಯುವ ಹೊರೆ) ಇಲ್ಲದೆ ಅಳೆದದ್ದನ್ನು ನಂಬಬೇಡಿ. 5 ಓಮ್‌ನ, 10 ವ್ಯಾಟ್‌ನ ರೆಸಿಸ್ಟರ್ ಹಾಕಿದರೆ 1 ಆಂಪಿಯರ್ ಹರಿಯುತ್ತದೆ. ರೆಸಿಸ್ಟರ್ ಚೆನ್ನಾಗಿ ಬಿಸಿಯಾಗುವುದರಿಂದ ಕೈ ತಾಗಿಸದೆ ಅರ್ಧ ಗಂಟೆ ಬಿಟ್ಟು, ಕೇಬಲ್ ತುದಿಯ ಪ್ಲಗ್‌ನಲ್ಲಿಯೇ ಅಳೆಯಿರಿ. 4.75ರಿಂದ 5.25 ವೋಲ್ಟ್‌ನೊಳಗೆ ಇರಬೇಕು. ಹೆಚ್ಚಾದರೆ ಮೊದಲು ಸಾಯುವುದು ಮೆಮೊರಿ ಚಿಪ್‌ಗಳೇ.

ಪ್ರಶ್ನೆ ಕೇಳಿದವರು: ಮಾಡ್ಯೂಲ್ ಬಳಿ 5.08, ಪ್ಲಗ್‌ನಲ್ಲಿ 4.71 ಬಂತು. ತಂತಿ ತೆಳುವಾಗಿತ್ತು, ದಪ್ಪನೆಯದನ್ನು ಬೆಸುಗೆ ಹಾಕಿ ಮತ್ತೆ ಅಳೆಯುತ್ತೇನೆ.