ಎರಡೂವರೆ ತಿಂಗಳ ಮಗುವಿನ ನಿದ್ರೆ: ಸವಿತಾಳಿಗೆ ಉತ್ತರ

ಎಲ್ಲರಿಗೂ ನಮಸ್ಕಾರ. ಸವಿತಾ, ಮಗು ರಾತ್ರಿಯಿಡೀ ಎದ್ದೆದ್ದು ಕೊಸರಾಡುತ್ತದೆ, ಹಾಲು ಸಾಲುತ್ತಿಲ್ಲವೇನೋ ಎಂದು ನೀನು ಕಳುಹಿಸಿದ ಧ್ವನಿ ಸಂದೇಶವನ್ನೂ, ಮಲಗುವ ಮುಂಚೆ ಒಂದಿಷ್ಟು ರಾಗಿ ಸರಿ ತಿನ್ನಿಸು, ಹಗಲು ಹೆಚ್ಚು ಮಲಗಿಸಬೇಡ ಎಂದು ಮುಳಬಾಗಿಲಿನ ದೊಡ್ಡಮ್ಮ ಹೇಳಿದ್ದನ್ನೂ ಕೇಳಿದೆ. ದೊಡ್ಡಮ್ಮ, ನಮ್ಮನ್ನೆಲ್ಲ ಎತ್ತಿ ಆಡಿಸಿದವರು ನೀವು. ಆದರೂ ಈ ಎರಡು ಮಾತುಗಳನ್ನು ನಾನು ಒಪ್ಪಲಾರೆ, ದಯವಿಟ್ಟು ಬೇಸರಿಸಬೇಡಿ.

ಹಗಲು ಯಾವುದು, ರಾತ್ರಿ ಯಾವುದು ಎಂದು ತಿಳಿಯುವ ವ್ಯವಸ್ಥೆ ಮಗು ಹುಟ್ಟುವಾಗ ಸಿದ್ಧವಾಗಿರುವುದಿಲ್ಲ. ಕತ್ತಲಾದ ಮೇಲೆ ನಿದ್ರೆ ತರುವ ಮೆಲಟೋನಿನ್ ಎಂಬ ಹಾರ್ಮೋನು ಮಗುವಿನ ಮೈಯಲ್ಲಿ ಹೊತ್ತಿಗೆ ತಕ್ಕಂತೆ ಏರಿಳಿಯಲು ಸುಮಾರು ಮೂರು ತಿಂಗಳು ಬೇಕು. ರಾತ್ರಿಯ ಎದೆಹಾಲಿನಲ್ಲಿ ಆ ಹಾರ್ಮೋನು ಇರುತ್ತದೆ, ಹಗಲಿನ ಹಾಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ರಾತ್ರಿ ಹಾಲು ತಪ್ಪಿಸಬೇಡ. ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ. ಮಲಗುವ ಮುಂಚೆ ಧಾನ್ಯದ ಸರಿ ತಿನ್ನಿಸಿದರೆ ಮಗು ಹೆಚ್ಚು ಹೊತ್ತು ಮಲಗುತ್ತದೆಯೇ ಎಂದು ಅಮೆರಿಕದ ವೈದ್ಯರು ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದರು. ನಿದ್ರೆಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ.

ಇನ್ನೊಂದು ವಿಷಯವನ್ನು ನೀನೇ ಇಂದು ರಾತ್ರಿ ಗಮನಿಸು. ಎಳೆಮಗುವಿನ ನಿದ್ರೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಕ್ರಿಯ ನಿದ್ರೆ. ಆಗ ರೆಪ್ಪೆಯ ಒಳಗೆ ಕಣ್ಣು ಆಡುತ್ತದೆ, ಹುಬ್ಬು ಗಂಟಿಕ್ಕುತ್ತದೆ, ತುಟಿಯಂಚಿನಲ್ಲಿ ನಗು ಬಂದು ಹೋಗುತ್ತದೆ, ಕೈಬೆರಳು ಪಟಕ್ಕನೆ ಎಳೆಯುತ್ತದೆ, ಮುಲುಕುವ ಸದ್ದೂ ಬರುತ್ತದೆ. ನೋಡಿದವರು ಮಗು ಎದ್ದಿತೆಂದು ಎತ್ತಿಕೊಂಡುಬಿಡುತ್ತಾರೆ, ಮಲಗಿದ್ದ ಮಗು ಆಗ ನಿಜವಾಗಿ ಏಳುತ್ತದೆ. ಆ ಬೆರಳಿನ ಎಳೆತವೂ ಸುಮ್ಮನೆ ಆಗುವುದಲ್ಲ: ಪ್ರತಿ ಎಳೆತದ ಸುದ್ದಿ ಮಿದುಳಿಗೆ ತಲುಪಿ, ಯಾವ ಅಂಗ ಎಲ್ಲಿದೆ ಎಂಬುದನ್ನು ಮಿದುಳು ಕಲಿಯಲು ನೆರವಾಗುತ್ತದೆ ಎಂದು ಅಯೋವಾ ವಿಶ್ವವಿದ್ಯಾಲಯದ ಮಾರ್ಕ್ ಬ್ಲಂಬರ್ಗ್ ಇಲಿಮರಿಗಳನ್ನು ಅಧ್ಯಯನ ಮಾಡಿ ವಿವರಿಸಿದ್ದಾರೆ. ನನಗೆ ಇದು ಬಹಳ ಸಂತೋಷ ಕೊಟ್ಟ ವಿಷಯ. ಹಾಗಾಗಿ ಸದ್ದು ಕೇಳಿದೊಡನೆ ಎತ್ತಬೇಡ. ಸ್ವಲ್ಪ ಹೊತ್ತು ನೋಡು, ಕಣ್ಣು ತೆರೆದು ಬಾಯಿ ಹುಡುಕಿದರೆ, ಅತ್ತರೆ, ಆಗ ಎತ್ತಿ ಹಾಲು ಕೊಡು.

ಹಗಲು ಎಬ್ಬಿಸಿ ಕೂರಿಸುವುದಂತೂ ಬೇಡವೇ ಬೇಡ. ಮೂರು ತಿಂಗಳೊಳಗಿನ ಮಗುವಿಗೆ ದಿನಕ್ಕೆ 14ರಿಂದ 17 ಗಂಟೆ ನಿದ್ರೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ, ಅದರಲ್ಲಿ ಹಗಲಿನ ನಿದ್ರೆಯೂ ಸೇರಿದೆ. ಕಲಿಕೆಗೂ ಅದು ಅಗತ್ಯ. ಜರ್ಮನಿಯ ಸಂಶೋಧಕರು 6 ಮತ್ತು 12 ತಿಂಗಳ ಮಕ್ಕಳಿಗೆ ಕೈಗೊಂಬೆಯ ಕೈಗವಸು ಬಿಚ್ಚಿ ತೋರಿಸಿದರು. ಆಮೇಲೆ ನಾಲ್ಕು ಗಂಟೆಯೊಳಗೆ ಅರ್ಧ ಗಂಟೆಯಾದರೂ ಮಲಗಿದ ಮಕ್ಕಳು ಅದನ್ನು ನೆನಪಿಟ್ಟು ಮಾಡಿದರು, ಮಲಗದವರಿಗೆ ನೆನಪಿರಲಿಲ್ಲ. 2015ರಲ್ಲಿ ಪ್ರಕಟವಾದ ಪ್ರಯೋಗ ಇದು. ನೀನು ಮಾಡಬೇಕಾದದ್ದು ಇಷ್ಟೇ: ಬೆಳಿಗ್ಗೆ ಪಡಸಾಲೆಯ ಬೆಳಕಿನಲ್ಲಿ ಮಗುವಿನೊಡನೆ ಮಾತಾಡು, ರಾತ್ರಿ ಸಣ್ಣ ದೀಪವಿರಲಿ, ಟಿವಿ ಮೊಬೈಲ್ ಆ ಕೋಣೆಯಲ್ಲಿ ಬೇಡ.

ತಲೆ ದುಂಡಗಾಗಲೆಂದು ಇಟ್ಟಿರುವ ಸಾಸಿವೆ ದಿಂಬನ್ನು ತೆಗೆದುಬಿಡು. ಮಗು ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಲಿ, ಮುಖದ ಬಳಿ ಬಟ್ಟೆ ಇರದಿರಲಿ. ಉಸಿರುಕಟ್ಟುವ ಅಪಾಯ ಇದರಿಂದ ತಗ್ಗುತ್ತದೆ. ಎಚ್ಚರವಿದ್ದಾಗ ನಿನ್ನ ಕಣ್ಣೆದುರು ಬೋರಲು ಮಲಗಿಸಿದರೆ ತಲೆಯ ಆಕಾರಕ್ಕೂ ಕುತ್ತಿಗೆಗೂ ಒಳ್ಳೆಯದು.

ಹಾಲು ಸಾಲುತ್ತಿದೆಯೇ ಎಂಬುದನ್ನು ನಿದ್ರೆಯಿಂದ ಅಳೆಯಬೇಡ. ದಿನಕ್ಕೆ ಆರು ಸಲವಾದರೂ ಮೂತ್ರ ಮಾಡಿದರೆ, ತೂಕ ಏರುತ್ತಿದ್ದರೆ ಸಾಲುತ್ತಿದೆ. ಎರಡೂವರೆ ತಿಂಗಳಿನ ಚುಚ್ಚುಮದ್ದಿಗೆ ಹೋದಾಗ ತೂಕ ಹಾಕಿಸಿ ತಾಯಿ ಕಾರ್ಡಿನಲ್ಲಿ ಬರೆಸು. ತೂಕ ಏರದಿದ್ದರೆ, ಮಗು ಹಾಲು ಕುಡಿಯದೆ ಸಪ್ಪಗಾದರೆ, ಮೈ ಬಿಸಿಯಾದರೆ, ಗ್ರೂಪಿನಲ್ಲಿ ಕೇಳುತ್ತಾ ಕೂರದೆ ಆಗಲೇ ಮಕ್ಕಳ ವೈದ್ಯರ ಬಳಿಗೆ ಕರೆದುಕೊಂಡು ಹೋಗು.